ಎಸ್‌ಎಸ್‌ಡಿಯ ವೇಗ ಎಲ್ಲಿ ತಡೆದು ನಿಲ್ಲುತ್ತದೆ?

ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿ, ನ್ಯಾಂಡ್ ಫ್ಲ್ಯಾಶ್ ಎಂಬ ಮೆಮೊರಿ ಚಿಪ್‌ಗಳಲ್ಲಿ ಮಾಹಿತಿ ಉಳಿಸುವ ಸಾಧನ. ತೋಷಿಬಾ ಕಂಪನಿಯ ಫುಜಿಯೊ ಮಸುಒಕ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಈ ಮೆಮೊರಿ, ಕರೆಂಟು ಹೋದರೂ ಬರೆದದ್ದನ್ನು ಉಳಿಸಿಕೊಳ್ಳುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿರುವ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಹೆಡ್ ಯಾವುದೂ ಇದರಲ್ಲಿಲ್ಲ. ಹಾರ್ಡ್ ಡಿಸ್ಕ್‌ಗೆ ಒಂದು ತುಣುಕು ಮಾಹಿತಿ ಹುಡುಕಲು ಸುಮಾರು 10 ಮಿಲಿಸೆಕೆಂಡ್ ಬೇಕಾದರೆ ಎಸ್‌ಎಸ್‌ಡಿಗೆ ಅದರ ನೂರರಲ್ಲೊಂದು ಪಾಲು ಸಾಕು. ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿದೊಡನೆ ಅದು ಚುರುಕಾಗುವುದು ಇದರಿಂದಲೇ.

ಚಿಪ್ ಎಷ್ಟೇ ಚುರುಕಾಗಿದ್ದರೂ ಮಾಹಿತಿ ಸ್ಲಾಟು, ಕೇಬಲ್, ಸ್ವಿಚ್‌ಗಳನ್ನು ದಾಟಿಯೇ ಹೊರಗೆ ಬರಬೇಕು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಡ್ರೈವ್‌ನ ಗರಿಷ್ಠ ವೇಗ. ಬಳಸುವವರಿಗೆ ಸಿಗುವುದು ಆ ದಾರಿಯ ಅತಿ ಇಕ್ಕಟ್ಟಾದ ಜಾಗದ ವೇಗ. ಹಾಗಾಗಿ ಎಸ್‌ಎಸ್‌ಡಿ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇಂಟರ್‌ಫೇಸ್, ಅಂದರೆ ಡ್ರೈವ್ ಮತ್ತು ಕಂಪ್ಯೂಟರ್ ನಡುವಿನ ಜೋಡಣೆಯ ಬಗೆ. ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಒಂದೇ ಸಂಗ್ರಹ ಬಳಸುವಲ್ಲಿ ನೆಟ್‌ವರ್ಕ್‌ನ ಮಾನದಂಡಗಳೂ ಲೆಕ್ಕಕ್ಕೆ ಬರುತ್ತವೆ.

ಉಡುಪಿ ಜಿಲ್ಲೆಯ ವಿಡಿಯೊ ಸ್ಟುಡಿಯೊಗಳ ಒಂದು ಕೆಲಸವನ್ನು ಅಳತೆಗೆ ಇಟ್ಟುಕೊಳ್ಳಬಹುದು. ಬೆಳಗಿನವರೆಗೆ ನಡೆಯುವ ಯಕ್ಷಗಾನ ಆಟವನ್ನು ಮೂರು 4ಕೆ ಕ್ಯಾಮೆರಾಗಳಲ್ಲಿ, ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಒಂದು ಕ್ಯಾಮೆರಾದಿಂದ ಗಂಟೆಗೆ 45 ಗಿಗಾಬೈಟ್ ಬರುತ್ತದೆ. ಎಂಟು ಗಂಟೆಗೆ 360 ಗಿಗಾಬೈಟ್, ಮೂರೂ ಸೇರಿ 1,080. ಈ ರಾಶಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಯಾವ ದಾರಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಮುಂದಿನ ವಿವರಗಳಲ್ಲಿ ಬರುತ್ತದೆ. ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು: ನೆಟ್‌ವರ್ಕ್ ಮತ್ತು ಯುಎಸ್‌ಬಿ ವೇಗವನ್ನು ಬಿಟ್‌ಗಳಲ್ಲಿ, ಡ್ರೈವ್ ವೇಗವನ್ನು ಬೈಟ್‌ಗಳಲ್ಲಿ ಹೇಳುವುದು ರೂಢಿ. 8 ಬಿಟ್ ಸೇರಿದರೆ 1 ಬೈಟ್.

ಆಕಾರ ಬೇರೆ, ಇಂಟರ್‌ಫೇಸ್ ಬೇರೆ

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಆಕಾರ ಎರಡು. ಒಂದು, ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್‌ನಷ್ಟೇ ಅಗಲದ 2.5 ಇಂಚಿನ ಡಬ್ಬಿ. ಇನ್ನೊಂದು, ಚೂಯಿಂಗ್ ಗಮ್ ಪಟ್ಟಿಯಷ್ಟಿರುವ ಎಂ.2. ಇದರ ಗಾತ್ರವನ್ನು 2280, 2242, 2230 ಎಂದು ಬರೆದಿರುತ್ತಾರೆ. ಮೊದಲ ಎರಡು ಅಂಕಿ ಮಿಲಿಮೀಟರಿನಲ್ಲಿ ಅಗಲ, ಕೊನೆಯ ಎರಡು ಉದ್ದ. ಸಾಮಾನ್ಯ ಲ್ಯಾಪ್‌ಟಾಪ್ ಮತ್ತು ಮದರ್‌ಬೋರ್ಡ್‌ಗಳಲ್ಲಿ 2280 ನಡೆಯುತ್ತದೆ. ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ 2242 ಅಥವಾ 2230ಕ್ಕೆ ಮಾತ್ರ ಜಾಗ.

ಗ್ರಾಹಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದೇ ಪಟ್ಟಿ ಒಳಗೆ ಸಾಟಾ ಎಂಬ ಹಳೆಯ ಇಂಟರ್‌ಫೇಸ್ ಆಗಿರಬಹುದು, ಎನ್‌ವಿಎಂಇ ಎಂಬ ಹೊಸದೂ ಆಗಿರಬಹುದು. ಚಿನ್ನದ ಬಣ್ಣದ ತುದಿಯಲ್ಲಿ ಎರಡು ಕಚ್ಚು ಇದ್ದರೆ ಅದು ಸಾಮಾನ್ಯವಾಗಿ ಸಾಟಾ; ಒಂದೇ ಕಚ್ಚಿದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಎರಡು ಕಚ್ಚಿರುವ ಎನ್‌ವಿಎಂಇ ಪಟ್ಟಿಗಳೂ ಇರುವುದರಿಂದ ಮಾದರಿಯ ವಿವರಪಟ್ಟಿ ನೋಡಿಯೇ ನಿರ್ಧರಿಸಬೇಕು. ಸಾಟಾ ಮಾತ್ರ ಗುರುತಿಸುವ ಹಳೆಯ ಎಂ.2 ಸ್ಲಾಟಿನಲ್ಲಿ ಎನ್‌ವಿಎಂಇ ಪಟ್ಟಿ ಕೂತರೂ ಕೆಲಸ ಮಾಡುವುದಿಲ್ಲ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟು ತುಂಬಿದರೆ ಒಂದೆರಡು ಸಾಟಾ ಪೋರ್ಟ್ ತಾವಾಗಿ ನಿಂತುಹೋಗುತ್ತವೆ. ಇದೂ ಮದರ್‌ಬೋರ್ಡ್ ಕೈಪಿಡಿಯಲ್ಲಿ ಬರೆದಿರುತ್ತದೆ.

ಸಾಟಾ: ಹಳೆಯ ಯಂತ್ರಕ್ಕೆ ಸಾಕಾಗುವ ದಾರಿ

ಸಾಟಾದ ಮೊದಲ ಮಾನದಂಡ 2003ರಲ್ಲಿ ಸೆಕೆಂಡಿಗೆ 1.5 ಗಿಗಾಬಿಟ್ ವೇಗದೊಂದಿಗೆ ಬಂತು. 2009ರ ಮೂರನೇ ಆವೃತ್ತಿಯಲ್ಲಿ ಅದು 6 ಗಿಗಾಬಿಟ್‌ಗೆ ಏರಿತು. ಗ್ರಾಹಕರ ಡ್ರೈವ್‌ಗಳಲ್ಲಿ ಅಲ್ಲಿಗೇ ನಿಂತಿತು. ಈ ಕೊಂಡಿಯಲ್ಲಿ ಪ್ರತಿ 8 ಬಿಟ್ ಮಾಹಿತಿಗೆ 10 ಬಿಟ್ ಕಳಿಸಬೇಕಾದ್ದರಿಂದ 6 ಗಿಗಾಬಿಟ್‌ನಲ್ಲಿ ಉಳಿಯುವುದು 600 ಮೆಗಾಬೈಟ್. ಇತರ ಖರ್ಚು ಕಳೆದು ಕೈಗೆ ಸಿಗುವುದು ಸುಮಾರು 550. ಯಾವ ಕಂಪನಿಯ ಸಾಟಾ ಎಸ್‌ಎಸ್‌ಡಿ ಆದರೂ ಪೆಟ್ಟಿಗೆಯ ಮೇಲೆ 550ರ ಆಸುಪಾಸಿನ ಅಂಕಿಯೇ ಇರುವುದು ಇದರಿಂದ. ಆಟದ 1,080 ಗಿಗಾಬೈಟ್‌ಗೆ, ಸೆಕೆಂಡಿಗೆ 500 ಮೆಗಾಬೈಟ್‌ನಂತೆ, 36 ನಿಮಿಷ ಬೇಕು.

ಸಾಟಾ ಡ್ರೈವ್‌ಗಳು ಮಾತಾಡುವ ಎಎಚ್‌ಸಿಐ ಎಂಬ ಪದ್ಧತಿ ಹಾರ್ಡ್ ಡಿಸ್ಕ್ ಕಾಲದ್ದು. ಅದರಲ್ಲಿ ಇರುವುದು ಒಂದೇ ಸಾಲು. ಆ ಸಾಲಿನಲ್ಲಿ ಒಮ್ಮೆಗೆ 32 ಆದೇಶ ಮಾತ್ರ ನಿಲ್ಲಬಹುದು. ಮನೆ, ಅಂಗಡಿ, ಬಿಲ್ಲಿಂಗ್ ಕೆಲಸಕ್ಕೆ ಇದು ಧಾರಾಳ ಸಾಕು. ಮಲ್ಪೆ ಬಂದರಿನ ಮೀನು ವ್ಯಾಪಾರದ ಕಚೇರಿಯಲ್ಲಿ ಟ್ಯಾಲಿ ಮತ್ತು ಬ್ರೌಸರ್ ನಡೆಸುವ ಹಳೆಯ ಕಂಪ್ಯೂಟರ್‌ಗೆ ಸಾಟಾ ಎಸ್‌ಎಸ್‌ಡಿ ಹಾಕಿಸುವುದಕ್ಕಿಂತ ಕಡಿಮೆ ಖರ್ಚಿನ ಸುಧಾರಣೆ ಇನ್ನೊಂದಿಲ್ಲ.

ಪಿಸಿಐಇ ಮತ್ತು ಎನ್‌ವಿಎಂಇ

ಪಿಸಿಐ ಎಕ್ಸ್‌ಪ್ರೆಸ್ ಎಂಬುದು ಪ್ರೊಸೆಸರ್‌ಗೆ ನೇರವಾಗಿ ತಲುಪುವ ದಾರಿ. ಅದರ ಒಂದೊಂದು ಪಥಕ್ಕೆ ಲೇನ್ ಎನ್ನುತ್ತಾರೆ. ಎಸ್‌ಎಸ್‌ಡಿಗಳು ಸಾಮಾನ್ಯವಾಗಿ ನಾಲ್ಕು ಲೇನ್ ಬಳಸುತ್ತವೆ. 2010ರ ಮೂರನೇ ತಲೆಮಾರಿನಲ್ಲಿ ನಾಲ್ಕು ಲೇನ್ ಸೇರಿ ಸೆಕೆಂಡಿಗೆ ಸುಮಾರು 3.9 ಗಿಗಾಬೈಟ್, 2017ರ ನಾಲ್ಕನೆಯದರಲ್ಲಿ 7.8, 2019ರ ಐದನೆಯದರಲ್ಲಿ 15.7. ಹೊಸ ತಲೆಮಾರಿನ ಡ್ರೈವನ್ನು ಹಳೆಯ ಸ್ಲಾಟಿನಲ್ಲಿ ಹಾಕಿದರೂ ನಡೆಯುತ್ತದೆ. ಆದರೆ ಸಿಗುವುದು ಹಳೆಯ ಸ್ಲಾಟಿನ ವೇಗ. ಮೂರನೇ ತಲೆಮಾರಿನ ಲ್ಯಾಪ್‌ಟಾಪ್‌ಗೆ ಐದನೇ ತಲೆಮಾರಿನ ಡ್ರೈವ್ ಕೊಂಡವರು ತೆತ್ತ ಹೆಚ್ಚಿನ ಹಣಕ್ಕೆ ಅಲ್ಲಿ ಪ್ರತಿಫಲವಿಲ್ಲ.

ಪಿಸಿಐಇ ದಾರಿಯಾದರೆ ಎನ್‌ವಿಎಂಇ ಆ ದಾರಿಯಲ್ಲಿ ಆದೇಶಗಳು ಸಾಗುವ ನಿಯಮ. ಅದರ ಮೊದಲ ಆವೃತ್ತಿ 2011ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಫ್ಲ್ಯಾಶ್ ಮೆಮೊರಿಗೆಂದೇ ಬರೆದ ಈ ನಿಯಮದಲ್ಲಿ 65,535 ಸಾಲುಗಳಿಗೂ, ಒಂದೊಂದರಲ್ಲಿ 65,536 ಆದೇಶಗಳಿಗೂ ಅವಕಾಶವಿದೆ. ಬಂದರಿನ ಧಕ್ಕೆಯಲ್ಲಿ ಒಂದೇ ಕಡೆ ಮೀನು ಇಳಿಸಬೇಕಿದ್ದರೆ ಎಷ್ಟು ದೊಡ್ಡ ಬೋಟಾದರೂ ಹಿಂದೆ ಕಾಯಲೇಬೇಕು. ಧಕ್ಕೆಯುದ್ದಕ್ಕೂ ಇಳಿಸಲು ಬಿಟ್ಟರೆ ಎಲ್ಲವೂ ಒಟ್ಟಿಗೆ ಖಾಲಿಯಾಗುತ್ತವೆ. ಎಎಚ್‌ಸಿಐಗೂ ಎನ್‌ವಿಎಂಇಗೂ ಇರುವ ವ್ಯತ್ಯಾಸ ಇದೇ. ಒಬ್ಬರು ಒಂದು ಫೈಲ್ ತೆರೆಯುವಾಗ ಇದು ಅಷ್ಟಾಗಿ ಕಾಣುವುದಿಲ್ಲ. ನೂರಾರು ಜನ ಒಂದೇ ಡೇಟಾಬೇಸ್ ಬಳಸುವಾಗ, ಹಲವು ವಿಡಿಯೊ ಪದರಗಳು ಒಟ್ಟಿಗೆ ಓಡುವಾಗ ಎದ್ದು ಕಾಣುತ್ತದೆ.

ಸರ್ವರ್‌ಗಳಲ್ಲಿ ಬೇರೆ ರೂಪಗಳಿವೆ. ಯು.2 ಎಂಬುದು 2.5 ಇಂಚಿನ ಡಬ್ಬಿಯಲ್ಲಿರುವ ಎನ್‌ವಿಎಂಇ. ಎಸ್‌ಎಎಸ್ ಎಂಬುದು ಸಾಟಾದಂತೆ ಕಾಣುವ, ಸೆಕೆಂಡಿಗೆ 12 ಗಿಗಾಬಿಟ್ ಮತ್ತು ಅದಕ್ಕೂ ಹೆಚ್ಚು ವೇಗದ ಇಂಟರ್‌ಫೇಸ್. ಎಸ್‌ಎಎಸ್ ಪೋರ್ಟಿಗೆ ಸಾಟಾ ಡ್ರೈವ್ ಹಾಕಬಹುದು. ಸಾಟಾ ಪೋರ್ಟಿಗೆ ಎಸ್‌ಎಎಸ್ ಡ್ರೈವ್ ಹಾಕಲು ಬರುವುದಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ಸರ್ವರ್ ಡ್ರೈವ್ ಕೊಳ್ಳುವವರು ಇದನ್ನು ಗಮನಿಸಬೇಕು.

ಹೊರಗಿನ ಡ್ರೈವ್ ಮತ್ತು ಯುಎಸ್‌ಬಿ ಗೊಂದಲ

ಯುಎಸ್‌ಬಿ ಟೈಪ್-ಸಿ ಎಂಬುದೂ ಆಕಾರದ ಹೆಸರೇ. ಅದರಿಂದ ವೇಗ ತಿಳಿಯುವುದಿಲ್ಲ. 3.2 ಜೆನ್ 1 ಎಂದರೆ 5 ಗಿಗಾಬಿಟ್, ಜೆನ್ 2 ಎಂದರೆ 10, ಜೆನ್ 2×2 ಎಂದರೆ 20. ಯುಎಸ್‌ಬಿ4 ಮತ್ತು ಥಂಡರ್‌ಬೋಲ್ಟ್‌ನಲ್ಲಿ 40 ಗಿಗಾಬಿಟ್‌ವರೆಗೆ ಸಾಮಾನ್ಯ. 20 ಗಿಗಾಬಿಟ್‌ನ ಡ್ರೈವ್‌ಗೆ ಆ ವೇಗ ಸಿಗಬೇಕಾದರೆ ಲ್ಯಾಪ್‌ಟಾಪ್ ಪೋರ್ಟ್ ಕೂಡ ಜೆನ್ 2×2 ಆಗಿರಬೇಕು. ಇಲ್ಲದಿದ್ದರೆ ಅದು 10ಕ್ಕೆ ಇಳಿಯುತ್ತದೆ.

ಕೇಬಲ್ ಇನ್ನೊಂದು ಅಡ್ಡಿ. ಫೋನ್ ಚಾರ್ಜರ್ ಜತೆ ಬರುವ ಟೈಪ್-ಸಿ ಕೇಬಲ್‌ಗಳಲ್ಲಿ ಹಲವು ಯುಎಸ್‌ಬಿ 2.0ದವು: ಸೆಕೆಂಡಿಗೆ 480 ಮೆಗಾಬಿಟ್, ಅಂದರೆ ಕೈಗೆ ಸಿಗುವುದು ಸುಮಾರು 40 ಮೆಗಾಬೈಟ್. ಅಂಥ ಕೇಬಲ್‌ನಲ್ಲಿ ಆಟದ ಫೈಲ್‌ಗಳು ಸಾಗಲು ಏಳೂವರೆ ಗಂಟೆ ಬೇಕು. 10 ಗಿಗಾಬಿಟ್‌ನ ಡ್ರೈವ್, ಪೋರ್ಟ್, ಕೇಬಲ್ ಮೂರೂ ಸರಿಯಾಗಿದ್ದರೆ ಸುಮಾರು 18 ನಿಮಿಷ. ಐಫೋನ್ 15ರ ಸಾದಾ ಮಾದರಿಯಲ್ಲಿ ಟೈಪ್-ಸಿ ಇದ್ದರೂ ವೇಗ ಯುಎಸ್‌ಬಿ 2.0ದ್ದೇ, 15 ಪ್ರೊದಲ್ಲಿ 10 ಗಿಗಾಬಿಟ್.

ಡ್ರೈವ್ ಒಳಗಿನ ಮಿತಿಗಳು

ಫ್ಲ್ಯಾಶ್ ಕೋಶವೊಂದರಲ್ಲಿ 3 ಬಿಟ್ ಇಟ್ಟರೆ ಟಿಎಲ್‌ಸಿ, 4 ಬಿಟ್ ಇಟ್ಟರೆ ಕ್ಯೂಎಲ್‌ಸಿ. ಬಿಟ್ ಹೆಚ್ಚಿದಂತೆ ಬೆಲೆ ಇಳಿಯುತ್ತದೆ. ಬರೆಯುವ ವೇಗವೂ ಬಾಳಿಕೆಯೂ ಇಳಿಯುತ್ತವೆ. ಇದನ್ನು ಮರೆಮಾಚಲು ಡ್ರೈವ್‌ಗಳು ಸ್ವಲ್ಪ ಜಾಗವನ್ನು ಒಂದು ಬಿಟ್‌ನ ವೇಗದ ಕ್ಯಾಶ್ ಆಗಿ ಬಳಸುತ್ತವೆ. ಸಣ್ಣ ಫೈಲ್‌ಗಳಿಗೆ ಅದು ಸಾಕು. 1,080 ಗಿಗಾಬೈಟ್ ಒಂದೇ ಸಮನೆ ಸುರಿದರೆ ಕ್ಯಾಶ್ ನಡುವೆಯೇ ತುಂಬುತ್ತದೆ. ಅಲ್ಲಿಂದ ಮುಂದೆ ಕೆಲವು ಕ್ಯೂಎಲ್‌ಸಿ ಡ್ರೈವ್‌ಗಳು ಹಾರ್ಡ್ ಡಿಸ್ಕ್‌ಗಿಂತಲೂ ನಿಧಾನವಾಗುತ್ತವೆ. ವಿಡಿಯೊ ಕೆಲಸದವರು ಟಿಎಲ್‌ಸಿಯನ್ನೇ, ಅದರಲ್ಲೂ ಸ್ವಂತ ಡಿ-ರ‍್ಯಾಮ್ ಎಂಬ ತಾತ್ಕಾಲಿಕ ಮೆಮೊರಿ ಇರುವುದನ್ನು ಆರಿಸುವುದು ಕ್ಷೇಮ.

ಬಾಳಿಕೆಯನ್ನು ಟಿಬಿಡಬ್ಲ್ಯೂ ಎಂದು ಬರೆದಿರುತ್ತಾರೆ: ಖಾತರಿ ಅವಧಿಯಲ್ಲಿ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದು ಎಂಬುದು ಅದರ ಅರ್ಥ. 1 ಟೆರಾಬೈಟ್‌ನ ಟಿಎಲ್‌ಸಿ ಡ್ರೈವ್‌ಗೆ 600 ಸಾಮಾನ್ಯ. ಕಚೇರಿ ಕೆಲಸದಲ್ಲಿ ಇದು ಮುಗಿಯುವ ಮಾತಿಲ್ಲ. ಸಿಸಿಟಿವಿಗೆ ಹಾಕಿದರೆ ಲೆಕ್ಕ ಬದಲಾಗುತ್ತದೆ. ಐಸ್ ಪ್ಲಾಂಟ್ ಒಂದರಲ್ಲಿ ಸೆಕೆಂಡಿಗೆ 4 ಮೆಗಾಬಿಟ್‌ನ ಎಂಟು ಕ್ಯಾಮೆರಾ ಇದ್ದರೆ ದಿನಕ್ಕೆ ಸುಮಾರು 346 ಗಿಗಾಬೈಟ್, ವರ್ಷಕ್ಕೆ 126 ಟೆರಾಬೈಟ್ ಬರೆಯಬೇಕು. ಐದು ವರ್ಷದೊಳಗೆ 600 ತೀರುತ್ತದೆ. ಮೇಲಾಗಿ 1 ಟೆರಾಬೈಟ್‌ನಲ್ಲಿ ಉಳಿಯುವುದು ಮೂರು ದಿನದ ದೃಶ್ಯ ಮಾತ್ರ. ಸಿಸಿಟಿವಿಗೆ ಅದಕ್ಕೆಂದೇ ಮಾಡಿದ ದೊಡ್ಡ ಹಾರ್ಡ್ ಡಿಸ್ಕೇ ಸರಿ. ಅಲ್ಲಾಡುವ ಬೋಟಿನಲ್ಲಿ ರೆಕಾರ್ಡರ್ ಇಡುವುದಾದರೆ ಮಾತ್ರ, ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗೆ ಹೆಚ್ಚು ಬರವಣಿಗೆ ತಾಳುವ ಮಾದರಿ ನೋಡಿ ಹಣ ಹಾಕುವುದು ಸಾರ್ಥಕ.

ಕರಾವಳಿಯ ಹವೆ ಮತ್ತು ಕರೆಂಟು

ಮಲ್ಪೆ, ಕಾಪು ಕಡಲತೀರದ ಗಾಳಿಯಲ್ಲಿ ಉಪ್ಪು ಮತ್ತು ತೇವ ಎರಡೂ ಇವೆ. ಎಸ್‌ಎಸ್‌ಡಿಯ ತುದಿಗೆ ಚಿನ್ನದ ಲೇಪವಿದ್ದರೂ ಸಾಟಾ ಕೇಬಲ್‌ನ ತುದಿ, ಪವರ್ ಕನೆಕ್ಟರ್, ಫ್ಯಾನುಗಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಡ್ರೈವ್ ಆಗಾಗ ಕಾಣೆಯಾಗಿ ಮತ್ತೆ ಕಾಣಿಸಿಕೊಂಡರೆ ಮೊದಲು ಸಂಶಯಿಸಬೇಕಾದದ್ದು ಕೇಬಲನ್ನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೋಟಿನಿಂದ ಬಿಚ್ಚಿಟ್ಟ ಉಪಕರಣಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಒಳ್ಳೆಯದು.

ಎನ್‌ವಿಎಂಇ ಡ್ರೈವ್‌ಗಳು ಬಿಸಿಯಾದಾಗ, ಸಾಮಾನ್ಯವಾಗಿ 70ರಿಂದ 80 ಡಿಗ್ರಿ ಆಸುಪಾಸಿನಲ್ಲಿ, ತಾವೇ ವೇಗ ಇಳಿಸಿಕೊಳ್ಳುತ್ತವೆ. ಎಪ್ರಿಲ್–ಮೇ ಸೆಕೆಯಲ್ಲಿ ಏಸಿ ಇಲ್ಲದ ಕೋಣೆಯಲ್ಲಿ ಇದು ಬೇಗ ಆಗುತ್ತದೆ. ಐದನೇ ತಲೆಮಾರಿನ ಡ್ರೈವ್‌ಗೆ ಹೀಟ್‌ಸಿಂಕ್ ಬೇಕೇ ಬೇಕು.

ಮಳೆಗಾಲದಲ್ಲಿ ಮೆಸ್ಕಾಂ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಹೊಸತಲ್ಲ. ಎಸ್‌ಎಸ್‌ಡಿ ಬರೆಯುತ್ತಿರುವಾಗ ವಿದ್ಯುತ್ ನಿಂತರೆ ಡಿ-ರ‍್ಯಾಮ್‌ನಲ್ಲಿದ್ದ ತುಣುಕು ನಷ್ಟವಾಗಬಹುದು; ಯಾವ ಮಾಹಿತಿ ಎಲ್ಲಿದೆ ಎಂಬ ಪಟ್ಟಿಯೇ ಕೆಟ್ಟರೆ ಡ್ರೈವ್ ಏಳದಿರಲೂಬಹುದು. ಸರ್ವರ್ ದರ್ಜೆಯ ಡ್ರೈವ್‌ಗಳಲ್ಲಿ ಬಾಕಿ ಬರವಣಿಗೆ ಮುಗಿಸುವಷ್ಟು ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಿರುತ್ತವೆ. ಸಾಮಾನ್ಯ ಡ್ರೈವ್‌ಗೆ ಯುಪಿಎಸ್ಸೇ ಗತಿ.

ಹಲವರಿಗೆ ಒಂದೇ ಸಂಗ್ರಹ: ನ್ಯಾಸ್

ನೆಟ್‌ವರ್ಕ್‌ಗೆ ಕಟ್ಟಿದ, ಫೋಲ್ಡರ್ ಮತ್ತು ಫೈಲ್‌ಗಳನ್ನು ಹಂಚುವ ಪೆಟ್ಟಿಗೆಗೆ ನ್ಯಾಸ್ ಎನ್ನುತ್ತಾರೆ. ವಿಂಡೋಸ್ ಹೆಚ್ಚಿರುವ ಕಚೇರಿಗಳಲ್ಲಿ ಎಸ್‌ಎಂಬಿ, ಲಿನಕ್ಸ್ ಇರುವಲ್ಲಿ ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಎಂಬ ಹಂಚಿಕೆ ಪದ್ಧತಿಗಳು ಬಳಕೆಯಲ್ಲಿವೆ. ಹಳೆಯ ಎಸ್‌ಎಂಬಿ 1 ಅನ್ನು ಮುಚ್ಚಿಡಬೇಕು; 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ಕುತಂತ್ರಾಂಶ ಒಳನುಗ್ಗಿದ್ದು ಅದರ ದೋಷದ ಮೂಲಕವೇ.

ನ್ಯಾಸ್ ಒಳಗೆ ಎಂಥ ಎಸ್‌ಎಸ್‌ಡಿ ಇದ್ದರೂ ಗಿಗಾಬಿಟ್ ಈಥರ್ನೆಟ್‌ನಲ್ಲಿ ಬರುವುದು ಸೆಕೆಂಡಿಗೆ ಸುಮಾರು 110 ಮೆಗಾಬೈಟ್. ಆಟದ ಫೈಲ್‌ಗಳಿಗೆ ಎರಡು ಮುಕ್ಕಾಲು ಗಂಟೆ. 2.5 ಗಿಗಾಬಿಟ್‌ನಲ್ಲಿ ಸುಮಾರು ಒಂದು ಗಂಟೆ, 10 ಗಿಗಾಬಿಟ್‌ನಲ್ಲಿ 16 ನಿಮಿಷದ ಆಸುಪಾಸು. ಎಡಿಟಿಂಗ್ ಮಾಡುವವರ ಲೆಕ್ಕ ಹೀಗೆ: ಕ್ಯಾಮೆರಾದ ಮೂಲ ಫೈಲ್‌ಗಳ ಮೂರು ಪದರ ಓಡಿಸಲು ಒಬ್ಬರಿಗೆ ಸೆಕೆಂಡಿಗೆ 37.5 ಮೆಗಾಬೈಟ್ ಬೇಕು. ಗಿಗಾಬಿಟ್‌ನಲ್ಲಿ ಇಬ್ಬರು ನಿರಾಳವಾಗಿ ಕೆಲಸ ಮಾಡಬಹುದು. ಅದನ್ನೇ 4ಕೆ ಪ್ರೊರೆಸ್ 422 ಎಚ್‌ಕ್ಯೂ ಎಂಬ ಎಡಿಟಿಂಗ್ ಮಾದರಿಗೆ ಪರಿವರ್ತಿಸಿದರೆ ಸೆಕೆಂಡಿಗೆ 25 ಫ್ರೇಮಿನ ಒಂದೇ ಪದರಕ್ಕೆ ಸುಮಾರು 92 ಮೆಗಾಬೈಟ್. ಇಡೀ ಕೇಬಲ್ ಒಬ್ಬರಿಗೇ ಮುಗಿಯಿತು.

ವೇಗ ಹೆಚ್ಚಿಸಲು ಹೊಸ ತಂತಿ ಯಾವಾಗಲೂ ಬೇಡ. ಗೋಡೆಯೊಳಗಿನ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 2.5 ಗಿಗಾಬಿಟ್ ಒಯ್ಯುತ್ತದೆ. 10 ಗಿಗಾಬಿಟ್‌ಗೆ ಕ್ಯಾಟ್ 6 ಆದರೆ 55 ಮೀಟರ್, ಕ್ಯಾಟ್ 6ಎ ಆದರೆ 100 ಮೀಟರ್. ಸ್ವಿಚ್ ಮತ್ತು ಎರಡೂ ಬದಿಯ ಕಾರ್ಡ್ ಅದೇ ವೇಗದವಾಗಿರಬೇಕು.

ಸ್ಯಾನ್: ಆಸ್ಪತ್ರೆ, ಬ್ಯಾಂಕುಗಳ ಹಾದಿ

ಫೈಲ್‌ನ ಬದಲು ಡಿಸ್ಕಿನ ತುಂಡನ್ನೇ ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಕೊಡುವ ವ್ಯವಸ್ಥೆ ಸ್ಯಾನ್. ಸರ್ವರ್‌ಗೆ ಅದು ತನ್ನೊಳಗಿನ ಡಿಸ್ಕ್‌ನಂತೆಯೇ ಕಾಣುತ್ತದೆ. ಡೇಟಾಬೇಸ್, ವರ್ಚುವಲ್ ಯಂತ್ರಗಳಿಗೆ ಇದು ಬೇಕಾಗುತ್ತದೆ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಯಾವ ಬ್ಯಾಂಕಿನಲ್ಲಾದರೂ ಖಾತೆ ಶಾಖೆಯ ಕಂಪ್ಯೂಟರಿನಲ್ಲಿಲ್ಲ, ಕೇಂದ್ರದ ಸಂಗ್ರಹದಲ್ಲಿದೆ. ಸಾವಿರಾರು ಶಾಖೆಗಳ ಆದೇಶ ಒಂದೇ ಕಡೆ ಬಂದು ಬೀಳುವಲ್ಲಿ ಸಂಗ್ರಹದ ನೆಟ್‌ವರ್ಕ್ ಬೇರೆಯೇ ಇರಬೇಕಾಗುತ್ತದೆ.

ದೊಡ್ಡ ಆಸ್ಪತ್ರೆಗಳ ಅಗತ್ಯವೂ ಇಂಥದ್ದೇ. ಸಿ.ಟಿ. ಸ್ಕ್ಯಾನಿನ ಒಂದು ಸ್ಲೈಸ್ 512×512 ಬಿಂದುಗಳದ್ದು, ಬಿಂದುವಿಗೆ 2 ಬೈಟ್‌ನಂತೆ ಅರ್ಧ ಮೆಗಾಬೈಟ್. 600 ಸ್ಲೈಸ್ ಇದ್ದರೆ 300 ಮೆಗಾಬೈಟ್. ಡೈಕಾಮ್ ಮಾನದಂಡದ ಈ ಚಿತ್ರಗಳನ್ನು ಪ್ಯಾಕ್ಸ್ ಎಂಬ ವ್ಯವಸ್ಥೆ ಇಟ್ಟುಕೊಂಡು ವೈದ್ಯರ ಪರದೆಗೆ ಕಳಿಸುತ್ತದೆ. ಮಣಿಪಾಲದಂಥ ವೈದ್ಯಕೀಯ ಕೇಂದ್ರದಲ್ಲಿ ದಿನವಿಡೀ ಚಿತ್ರಗಳು ಸೇರುತ್ತಲೇ ಇರುತ್ತವೆ. ಇಂದಿನ ರೋಗಿಯ ಚಿತ್ರ ಎಸ್‌ಎಸ್‌ಡಿಯಲ್ಲಿ, ಹಳೆಯವು ಅಗ್ಗದ ಹಾರ್ಡ್ ಡಿಸ್ಕ್‌ನಲ್ಲಿ ಎಂದು ಹಂತ ಮಾಡುವುದು ಇಂಥಲ್ಲಿ ನಡೆದುಬಂದ ಕ್ರಮ.

ಸ್ಯಾನ್‌ನ ಮಾನದಂಡಗಳು ಮುಖ್ಯವಾಗಿ ಮೂರು. ಫೈಬರ್ ಚಾನೆಲ್ 1994ರಿಂದ ಇದೆ. ಪ್ರತ್ಯೇಕ ಕಾರ್ಡ್, ಪ್ರತ್ಯೇಕ ಸ್ವಿಚ್ ಬೇಕು, ಖರ್ಚು ಹೆಚ್ಚು, ಭರವಸೆಯೂ ಹೆಚ್ಚು. 2004ರಲ್ಲಿ ಮಾನದಂಡವಾಗಿ ಬಂದ ಐಸ್ಕಸಿ ಅದೇ ಕೆಲಸವನ್ನು ಸಾಮಾನ್ಯ ಈಥರ್ನೆಟ್‌ನಲ್ಲಿ ಮಾಡುತ್ತದೆ. ಸಣ್ಣ ಸಂಸ್ಥೆಗೆ ಸ್ಯಾನ್ ಬೇಕೆಂದಾದರೆ ಇದರಿಂದಲೇ ಶುರುಮಾಡಬಹುದು. ಮೂರನೆಯದು 2016ರ ಎನ್‌ವಿಎಂಇ ಓವರ್ ಫ್ಯಾಬ್ರಿಕ್ಸ್: ಎನ್‌ವಿಎಂಇಯ ಬಹುಸಾಲುಗಳನ್ನೇ ನೆಟ್‌ವರ್ಕ್‌ನುದ್ದಕ್ಕೂ ಒಯ್ಯುವ ಪದ್ಧತಿ. ಮಾಹಿತಿಯನ್ನು ನೇರವಾಗಿ ಮೆಮೊರಿಯಿಂದ ಮೆಮೊರಿಗೆ ಸಾಗಿಸುವ ಇದರ ಆರ್‌ಡಿಎಂಎ ರೂಪಕ್ಕೆ ವಿಶೇಷ ಕಾರ್ಡ್ ಮತ್ತು ಜತನದಿಂದ ಹೊಂದಿಸಿದ ಸ್ವಿಚ್ ಬೇಕು. 2018ರಲ್ಲಿ ಒಪ್ಪಿಗೆ ಪಡೆದ ಟಿಸಿಪಿ ರೂಪ ಸಾಮಾನ್ಯ ಈಥರ್ನೆಟ್‌ನಲ್ಲೇ ನಡೆಯುತ್ತದೆ.

ಐಸ್ಕಸಿ ಬಳಸುವವರು ಎರಡು ನಿಯಮ ಪಾಲಿಸಬೇಕು. ಸಂಗ್ರಹದ ಸಂಚಾರವನ್ನು ಕಚೇರಿಯ ಇತರ ಸಂಚಾರದಿಂದ ಬೇರೆ ವಿಎಲ್‌ಎಎನ್‌ನಲ್ಲಿ, ಅಂದರೆ ಸ್ವಿಚ್‌ನೊಳಗೇ ಬೇರ್ಪಡಿಸಿದ ನೆಟ್‌ವರ್ಕ್‌ನಲ್ಲಿ ಇಡಬೇಕು. ಒಂದೇ ಡಿಸ್ಕ್ ತುಂಡನ್ನು ಕ್ಲಸ್ಟರ್ ಫೈಲ್ ವ್ಯವಸ್ಥೆಯಿಲ್ಲದೆ ಎರಡು ಕಂಪ್ಯೂಟರ್‌ಗೆ ಕೊಡಬಾರದು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದೆ ಎಲ್ಲ ಫೈಲ್‌ಗಳೂ ಕೆಡುತ್ತವೆ. ಹಂಚಿಕೊಳ್ಳುವುದೇ ಉದ್ದೇಶವಾದರೆ ನ್ಯಾಸ್ ಸಾಕು.

ಕಾಪಿಡುವ ಲೆಕ್ಕ

ರೇಡ್ ಎಂಬುದು ಒಂದು ಡ್ರೈವ್ ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಏರ್ಪಾಡು, ಬ್ಯಾಕಪ್ ಅಲ್ಲ. ಕೈತಪ್ಪಿ ಅಳಿಸಿದ್ದು, ವೈರಸ್ ಕೆಡಿಸಿದ್ದು ರೇಡ್‌ನ ಎಲ್ಲ ಡ್ರೈವ್‌ಗಳಿಂದಲೂ ಹೋಗುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಹಳೆಯ ಹಾಗೂ ಇಂದಿಗೂ ಸರಿಯಾದ ಸೂತ್ರ.

ಎಸ್‌ಎಸ್‌ಡಿಯನ್ನು ಕಪಾಟಿನಲ್ಲಿಟ್ಟು ಮರೆಯಬಾರದು. ಕೋಶಗಳಲ್ಲಿರುವ ವಿದ್ಯುದಂಶ ನಿಧಾನವಾಗಿ ಸೋರುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ ತನ್ನ ಬಾಳಿಕೆಯನ್ನು ಪೂರ್ತಿ ಸವೆಸಿದ ಗ್ರಾಹಕ ಡ್ರೈವ್ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ, ಸರ್ವರ್ ಡ್ರೈವ್ 40 ಡಿಗ್ರಿಯಲ್ಲಿ ಮೂರು ತಿಂಗಳು ಮಾಹಿತಿ ಉಳಿಸಿಕೊಂಡರೆ ಸಾಕು. ಹೊಸ ಡ್ರೈವ್ ಅದಕ್ಕಿಂತ ಬಹಳ ಹೆಚ್ಚು ಕಾಲ ತಾಳುತ್ತದೆ. ಮೀನುಗಾರಿಕೆ ನಿಷೇಧದ ಎರಡು ತಿಂಗಳು ಬಿಚ್ಚಿಟ್ಟರೆ ಅಂಜಬೇಕಿಲ್ಲ. ಆದರೆ ಉಡುಪಿಯ ಪರ್ಯಾಯ ಉತ್ಸವ ನಡೆಯುವುದು ಎರಡು ವರ್ಷಕ್ಕೊಮ್ಮೆ. ಕಾರ್ಕಳದ ಬಾಹುಬಲಿಯ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ, ಹಿಂದಿನದು 2015ರಲ್ಲಿ. ಅಷ್ಟು ಅಂತರದಲ್ಲಿ ಮತ್ತೆ ಬೇಕಾಗುವ ದೃಶ್ಯಗಳಿಗೆ ಎರಡು ಹಾರ್ಡ್ ಡಿಸ್ಕ್ ಪ್ರತಿ ಇಟ್ಟು, ವರ್ಷಕ್ಕೊಮ್ಮೆ ತೆರೆದು ನೋಡಿ, ಐದಾರು ವರ್ಷಕ್ಕೆ ಹೊಸದಕ್ಕೆ ವರ್ಗಾಯಿಸಬೇಕು. ಸಂಗ್ರಹ ನೂರಾರು ಟೆರಾಬೈಟ್ ಮೀರಿದರೆ ಎಲ್‌ಟಿಒ ಟೇಪ್ ಅಗ್ಗ. ಅದರ ಒಂಬತ್ತನೇ ತಲೆಮಾರಿನ ಒಂದು ಕಾರ್ಟ್ರಿಜ್‌ನಲ್ಲಿ 18 ಟೆರಾಬೈಟ್ ಹಿಡಿಯುತ್ತದೆ.

ಯಾರಿಗೆ ಯಾವುದು

- ಹಾರ್ಡ್ ಡಿಸ್ಕ್ ಇರುವ ಹಳೆಯ ಕಂಪ್ಯೂಟರ್: 2.5 ಇಂಚಿನ ಸಾಟಾ ಎಸ್‌ಎಸ್‌ಡಿ.
- ಹೊಸ ಲ್ಯಾಪ್‌ಟಾಪ್, ವಿದ್ಯಾರ್ಥಿಗಳು: ಸ್ಲಾಟಿನ ತಲೆಮಾರಿಗೆ ತಕ್ಕ ಎನ್‌ವಿಎಂಇ, ಅದಕ್ಕಿಂತ ಮೇಲಿನದು ಬೇಡ.
- ವಿಡಿಯೊ ಸ್ಟುಡಿಯೊ: ಕೆಲಸಕ್ಕೆ ಟಿಎಲ್‌ಸಿ ಎನ್‌ವಿಎಂಇ, ಹಂಚಿಕೊಳ್ಳಲು 2.5 ಅಥವಾ 10 ಗಿಗಾಬಿಟ್‌ನ ನ್ಯಾಸ್, ಕಾಪಿಡಲು ಹಾರ್ಡ್ ಡಿಸ್ಕ್.
- ಸಿಸಿಟಿವಿ: ಕಣ್ಗಾವಲಿಗೆಂದೇ ಇರುವ ಹಾರ್ಡ್ ಡಿಸ್ಕ್.
- ಡೇಟಾಬೇಸ್ ನಡೆಸುವ ಸಂಸ್ಥೆ: ಕೆಪಾಸಿಟರ್ ಇರುವ ಸರ್ವರ್ ದರ್ಜೆಯ ಡ್ರೈವ್, ಸರ್ವರ್‌ಗಳು ಹೆಚ್ಚಿದಾಗ ಐಸ್ಕಸಿ ಅಥವಾ ಎನ್‌ವಿಎಂಇ ಟಿಸಿಪಿ.

ಡ್ರೈವ್ ಹಾಕಿದ ದಿನವೇ ಪರೀಕ್ಷಿಸಬೇಕು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ತೆರೆದರೆ ‘ಟ್ರಾನ್ಸ್‌ಫರ್ ಮೋಡ್’ ಸಾಲಿನಲ್ಲಿ ಎರಡು ವಿವರ ಕಾಣುತ್ತವೆ: ಈಗ ಜೋಡಣೆಯಾಗಿರುವ ವೇಗ ಮತ್ತು ಡ್ರೈವ್ ತಾಳಬಲ್ಲ ವೇಗ. ಎರಡೂ ಒಂದೇ ಆಗಿದ್ದರೆ ಜೋಡಣೆ ಸರಿ. ಮೊದಲನೆಯದು ಕಡಿಮೆ ಇದ್ದರೆ ಸ್ಲಾಟು ಹಳೆಯದು, ಅಥವಾ ಡ್ರೈವ್ ಸರಿಯಾಗಿ ಕೂತಿಲ್ಲ. 1 ಟೆರಾಬೈಟ್ ಡ್ರೈವ್ ವಿಂಡೋಸ್‌ನಲ್ಲಿ 931 ಗಿಗಾಬೈಟ್ ಎಂದು ಕಾಣುವುದು ಎಣಿಕೆಯ ಕ್ರಮದಿಂದ, ಅದು ಮೋಸವಲ್ಲ. ತೀರಾ ಅಗ್ಗಕ್ಕೆ ಕೊಂಡ ಡ್ರೈವ್ ಆದರೆ ಎಚ್2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಪೂರ್ತಿ ಬರೆದು ಓದಿ ನೋಡಬೇಕು. ನಕಲಿ ಡ್ರೈವ್‌ಗಳು ಹೇಳಿದ ಗಾತ್ರವನ್ನು ತೋರಿಸುತ್ತವೆ, ಆದರೆ ಅಷ್ಟನ್ನು ಹಿಡಿಯುವುದಿಲ್ಲ. ಅಂಗಡಿಗೆ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಆಗಿರಬೇಕು.